ಕೆರೆಯ ಗುಳುಮುಳುಕ

ಮಸ್ಕಿಗೆ ಬರುವವರು 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ನೋಡಿ ಮರಳುವರು. ಸುತ್ತಲಿನ ಕೆರೆಗಳ ಕಡೆಗೆ ಕಣ್ಣು ಹಾಯಿಸುವವರು ವಿರಳ. ಅಲ್ಲಿ ಪಾರಿವಾಳಕ್ಕಿಂತ ಕಿರಿದಾದ, ಬಾಲವಿಲ್ಲದಂತೆ ತೋರುವ ಕಂದು ಹಕ್ಕಿಯೊಂದು ತೇಲುತ್ತಿದ್ದು, ನಾವು ಹತ್ತಿರ ಹೋದೊಡನೆ ಗುಳುಂಕನೆ ಮುಳುಗಿ ನಾಲ್ಕಾರು ಮಾರು ಆಚೆ ತಲೆಯೆತ್ತುವುದು. ಇದೇ ಗುಳುಮುಳುಕ. ಛಾಂದೋಗ್ಯದಲ್ಲಿ ಸತ್ಯಕಾಮನಿಗೆ ಉಪದೇಶಿಸಿದ ಮದ್ಗುವನ್ನು ನಾನು ನೀರುಕಾಗೆಯೆಂದು ಪಾಠ ಹೇಳುತ್ತಿದ್ದೆನು. ಹುಡುಗರು ಮಾತ್ರ ಅದು ನಮ್ಮ ಮುಳುಕನೇ ಎನ್ನುತ್ತಿದ್ದರು!

ಇದರ ಕಾಲುಗಳು ದೇಹದ ತೀರ ಹಿಂಭಾಗದಲ್ಲಿರುವುದರಿಂದ ಈಜು ಸುಲಭ, ನಡಿಗೆ ಕಷ್ಟ. ಆದುದರಿಂದ ಗೂಡೂ ನೀರಿನಲ್ಲಿಯೇ. ಕೊಳೆತ ಜಲಸಸ್ಯಗಳಿಂದ ತೆಪ್ಪದಂತೆ ರಚಿಸಿ ಜೊಂಡಿಗೆ ತಗುಲಿಸುವುದು. ಹೊರಡುವಾಗ ಮೊಟ್ಟೆಗಳನ್ನು ಹಸಿಸೊಪ್ಪಿನಿಂದ ಮುಚ್ಚುವುದು. ಮರಿಗಳನ್ನು ಬೆನ್ನಮೇಲೆ ಹೊತ್ತು ತಿರುಗುವುದು.

ಲೋಕದಲ್ಲಿ ಈ ಜಾತಿಗೆ ಅಳಿವಿನ ಭಯವಿಲ್ಲ. ಒಂದೊಂದು ಕೆರೆಯ ಲೆಕ್ಕ ಮಾತ್ರ ಬೇರೆ. ಲಿಂಗಸುಗೂರಿನ ಮಳೆಗೆರೆ ಬತ್ತಿದರೆ ಹಕ್ಕಿಯು ರಾತ್ರಿ ಹಾರಿ, ತುಂಗಭದ್ರೆಯ ಕಾಲುವೆಯುಳ್ಳ ಸಿಂಧನೂರು ಸೀಮೆಯಲ್ಲಿ ನೆಲೆ ಹುಡುಕೀತು, ಮಳೆ ಬಂದಾಗ ಮರಳೀತು. ಆದರೆ ಹೂಳೆತ್ತುವ ಯಂತ್ರವು ಅಂಚಿನ ಜೊಂಡನ್ನೆಲ್ಲ ಬೋಳಿಸಿದ ಕೆರೆ ತುಂಬಿದರೂ ಗೂಡಿಗೆ ಆಸರೆಯಿಲ್ಲ. ನಮ್ಮೂರ ಕೆರೆಯಲ್ಲಿ ಹೀಗೆಯೇ ಆಯಿತು. ಎರಡು ಮಳೆಗಾಲ ಕಾದೆನು. ಮರಿ ಹೊತ್ತ ಹಕ್ಕಿ ಕಾಣಲಿಲ್ಲ.

ಈಗ ಒಂದು ಮೂಲೆಯಲ್ಲಿ ಜೊಂಡು ಮತ್ತೆ ಚಿಗುರಿದೆ. ಅದನ್ನು ಕೀಳದಿರಿರೆಂದು ಊರ ಹಿರಿಯರಲ್ಲಿ ಕೇಳಿಕೊಂಡಿದ್ದೇನೆ.