ಕಟ್ಟಡಕ್ಕೆ ಬೆಂಕಿ ಬಿದ್ದಾಗ: ಹೊಗೆಯಿಂದ ಪಾರಾಗುವ ಬಗೆ

ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಹಗಲು ಹೊತ್ತಿನಲ್ಲೇ ಬೆಂಕಿ ಕಾಣಿಸಿಕೊಂಡು 9 ಮಂದಿ ಪ್ರಾಣ ಕಳೆದುಕೊಂಡರು. ಬೆಂಕಿ ಹೊತ್ತಿದ್ದು ಕೆಳಭಾಗದಲ್ಲಿ, ವಿದ್ಯುತ್ ತಂತಿಗಳು ಹಾದುಹೋಗುವ ಡಕ್ಟ್‌ನಲ್ಲಿ. ಆ ಡಕ್ಟ್ ಚಿಮಣಿಯಂತಾಗಿ ಮೇಲಿನ ಮಹಡಿಗಳಿಗೆ ಹೊಗೆ ತುಂಬಿತು. ಮೆಟ್ಟಿಲಿಳಿಯಲಾಗದೆ, ಉಸಿರು ಕಟ್ಟಿ, ಕೆಲವರು ಕಿಟಕಿ ಗಾಜು ಒಡೆದು ಕೆಳಕ್ಕೆ ಹಾರಿದರು. ತುರ್ತು ದಾರಿಯ ಬಾಗಿಲುಗಳಿಗೆ ಬೀಗ ಬಿದ್ದಿದ್ದ ವಿಷಯ ಆಮೇಲೆ ದೊಡ್ಡ ಚರ್ಚೆಯಾಯಿತು.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತದ್ದೂ ಹೀಗೆಯೇ. ನೆಲ ಅಂತಸ್ತಿನ ಟ್ರಾನ್ಸ್‌ಫಾರ್ಮರ್‌ನಿಂದ ಎದ್ದ ಹೊಗೆ ಬಾಲ್ಕನಿಗೆ ಏರಿತು. ಅಲ್ಲಿ ಹೆಚ್ಚುವರಿ ಕುರ್ಚಿಗಳನ್ನು ಹಾಕಿ ಓಡಾಡುವ ದಾರಿಯನ್ನೇ ಮುಚ್ಚಲಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನಲ್ಲಿ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆ, ಮೇಲೆ ಲಾಡ್ಜ್ ಇದ್ದ ಕಟ್ಟಡದಲ್ಲಿ 8 ಮಂದಿ ತೀರಿಕೊಂಡರು.

ಈ ಮೂರೂ ಕಡೆ ಬೆಂಕಿ ಹುಟ್ಟಿದ್ದು ಕೆಳಗೆ, ಜೀವ ಹೋದದ್ದು ಮೇಲೆ. ಕೆಳಗೆ ಅಂಗಡಿ ಅಥವಾ ಗೋದಾಮು, ಮೇಲೆ ಮನೆ ಇರುವ ವ್ಯಾಪಾರಿ ಕುಟುಂಬಗಳು ಇದನ್ನು ಮುಖ್ಯವಾಗಿ ಗಮನಿಸಬೇಕು.

ಹೊಗೆ ಏಕೆ ಅಪಾಯ?

ಬಟ್ಟೆ, ಕಾಗದ, ಪ್ಲಾಸ್ಟಿಕ್, ಫೋಮ್ ಹಾಸಿಗೆ ಉರಿದಾಗ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಸ್ವಲ್ಪ ಹೊತ್ತಿನಲ್ಲೇ ತಲೆ ಸುತ್ತಿ, ಬುದ್ಧಿ ಮಂಕಾಗಿ, ಕಾಲು ಸೋಲುತ್ತದೆ. ಮಲಗಿದ್ದವರು ಎಚ್ಚರವಾಗದೆಯೇ ಸಾಯಬಹುದು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಮಸಿ ಸ್ವಲ್ಪ ತಡೆಯುತ್ತದೆ, ಈ ಅನಿಲ ತಡೆಯುವುದಿಲ್ಲ. ಬಟ್ಟೆಯನ್ನು ನಂಬಿ ದಟ್ಟ ಹೊಗೆಯೊಳಗೆ ನುಗ್ಗಬಾರದು.

ಬೆಂಕಿ ಕಂಡ ಕೂಡಲೇ

ಮೊದಲು ಗಟ್ಟಿಯಾಗಿ ಕೂಗಿ ಎಲ್ಲರನ್ನೂ ಎಚ್ಚರಿಸಿ. ವಯಸ್ಸಾದವರನ್ನು, ಮಕ್ಕಳನ್ನು ಕರೆದುಕೊಂಡು ಮೆಟ್ಟಿಲಿನಿಂದ ಕೆಳಗಿಳಿಯಿರಿ. ಒಡವೆ, ನಗದು, ಲೆಕ್ಕದ ಪುಸ್ತಕ, ಮೊಬೈಲ್ ಚಾರ್ಜರ್ ಹುಡುಕುತ್ತಾ ನಿಲ್ಲಬೇಡಿ. ಅಪರಿಗ್ರಹವನ್ನು ಪಾಲಿಸಲು ಅದಕ್ಕಿಂತ ತಕ್ಕ ಹೊತ್ತು ಬೇರೆ ಇಲ್ಲ.

ಹೊರಡುವಾಗ ಬೆಂಕಿ ಇರುವ ಕೋಣೆಯ ಬಾಗಿಲನ್ನು ಎಳೆದು ಮುಚ್ಚಿ, ಬೀಗ ಮಾತ್ರ ಹಾಕಬೇಡಿ. ಮುಚ್ಚಿದ ಬಾಗಿಲು ಬೆಂಕಿಗೆ ಗಾಳಿ ಸಿಗದಂತೆ ತಡೆಯುತ್ತದೆ, ಮೆಟ್ಟಿಲಿಗೆ ಹೊಗೆ ತುಂಬುವುದನ್ನೂ ನಿಧಾನ ಮಾಡುತ್ತದೆ. ಲಿಫ್ಟ್ ಬಳಸಲೇಬಾರದು. ಕರೆಂಟ್ ಹೋದರೆ ಅದು ನಡುವೆ ನಿಲ್ಲುತ್ತದೆ, ಲಿಫ್ಟಿನ ಬಾವಿಯಲ್ಲಿ ಹೊಗೆ ಏರುತ್ತದೆ.

ಹೊರಗೆ ಬಂದ ಮೇಲೆ 101 ಅಥವಾ 112ಕ್ಕೆ ಕರೆ ಮಾಡಿ ವಿಳಾಸ, ಹತ್ತಿರದ ಗುರುತು, ಎಷ್ಟನೇ ಮಹಡಿ, ಒಳಗೆ ಯಾರಾದರೂ ಉಳಿದಿದ್ದಾರೆಯೇ ಎಂಬುದನ್ನು ತಿಳಿಸಿ. ಯಾವ ಕಾರಣಕ್ಕೂ ತಿರುಗಿ ಒಳಗೆ ಹೋಗಬೇಡಿ.

ದಾರಿಯಲ್ಲಿ ಹೊಗೆ ಇದ್ದರೆ

ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ತೆರೆಯಬೇಡಿ. ಬಿಸಿ ಹೊಗೆ ಮೇಲಕ್ಕೇರುವುದರಿಂದ ನೆಲದ ಹತ್ತಿರ ಉಸಿರಾಡುವಂಥ ಗಾಳಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ತೆಳು ಹೊಗೆ ಇದ್ದು ಬೇರೆ ದಾರಿ ಇಲ್ಲದಿದ್ದರೆ, ಗೋಡೆ ಹಿಡಿದು ಅಂಬೆಗಾಲಿಟ್ಟು ಸಾಗಿ.

ಮೆಟ್ಟಿಲು ತುಂಬ ದಟ್ಟ ಹೊಗೆ ಇದ್ದರೆ ಇಳಿಯುವ ಸಾಹಸ ಬೇಡ. ಒಳಗೆ ಬಂದು, ರಸ್ತೆ ಕಡೆ ಕಿಟಕಿ ಇರುವ ಕೋಣೆ ಸೇರಿ ಬಾಗಿಲು ಮುಚ್ಚಿ. ಸೀರೆ, ಪಂಚೆ, ಟವೆಲ್ ಯಾವುದನ್ನಾದರೂ ನೆನೆಸಿ ಬಾಗಿಲ ಸಂದಿಗೆ ಒತ್ತಿ. ಇರುವ ಕೋಣೆ ಯಾವುದೆಂದು ಫೋನಿನಲ್ಲಿ ತಿಳಿಸಿ, ಕಿಟಕಿಯಲ್ಲಿ ಬಣ್ಣದ ಬಟ್ಟೆ ಬೀಸಿ, ರಾತ್ರಿಯಾದರೆ ಟಾರ್ಚ್ ತೋರಿಸಿ. ಎತ್ತರದಿಂದ ಹಾರಬೇಡಿ. ಅಗ್ನಿಶಾಮಕ ದಳದ ಏಣಿ ಬರುವ ತನಕ ಮುಚ್ಚಿದ ಕೋಣೆಯೇ ಆಸರೆ.

ಮೈಮೇಲಿನ ಬಟ್ಟೆಗೆ ಬೆಂಕಿ ತಗುಲಿದರೆ

ಓಡಿದಷ್ಟೂ ಉರಿ ಹೆಚ್ಚುತ್ತದೆ. ಇದ್ದಲ್ಲೇ ನಿಂತು, ಮುಖ ಮುಚ್ಚಿಕೊಂಡು ನೆಲಕ್ಕೆ ಮಲಗಿ ಹೊರಳಬೇಕು. ಪಕ್ಕದವರು ದಪ್ಪ ಹತ್ತಿಯ ಅಥವಾ ಉಣ್ಣೆಯ ಕಂಬಳಿ ಹೊದಿಸಬೇಕು. ಉರಿ ಆರಿದ ಮೇಲೆ ಸುಟ್ಟ ಜಾಗಕ್ಕೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಿ. ಅರಿಶಿನ, ತುಪ್ಪ, ಟೂತ್‌ಪೇಸ್ಟ್ ಹಚ್ಚಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಅಡುಗೆಮನೆ ಮತ್ತು ಸಣ್ಣ ಬೆಂಕಿ

ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಬಾರದು. ನೀರು ತಕ್ಷಣ ಆವಿಯಾಗಿ ಉರಿಯುವ ಎಣ್ಣೆಯನ್ನು ನಾಲ್ಕೂ ಕಡೆ ಎರಚುತ್ತದೆ. ಒಲೆ ಆರಿಸಿ, ಅಗಲವಾದ ತಟ್ಟೆ ಅಥವಾ ಮುಚ್ಚಳ ಮುಚ್ಚಿ, ಪೂರ್ತಿ ತಣ್ಣಗಾಗುವ ತನಕ ತೆಗೆಯಬೇಡಿ. ಗ್ಯಾಸ್ ಸೋರಿದ ವಾಸನೆ ಬಂದರೆ ಸ್ವಿಚ್ ಹಾಕುವುದಾಗಲಿ ಆರಿಸುವುದಾಗಲಿ ಬೇಡ. ದೇವರ ದೀಪವನ್ನೂ ಹಚ್ಚಬೇಡಿ, ಉರಿಯುತ್ತಿದ್ದರೆ ಆರಿಸಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಅಗ್ನಿಶಾಮಕ ಸಿಲಿಂಡರ್ ಸಣ್ಣ ಬೆಂಕಿಗೆ ಮಾತ್ರ. ಪಿನ್ ಎಳೆದು, ನಳಿಕೆಯನ್ನು ಬೆಂಕಿಯ ಬುಡಕ್ಕೆ ಹಿಡಿದು, ಹಿಡಿಕೆ ಒತ್ತಿ, ಅತ್ತಿತ್ತ ಆಡಿಸಬೇಕು. ಸಣ್ಣ ಸಿಲಿಂಡರ್ ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ. ಆದ್ದರಿಂದ ಹೊರಹೋಗುವ ದಾರಿಯನ್ನು ಬೆನ್ನಿಗಿಟ್ಟುಕೊಂಡೇ ನಿಲ್ಲಬೇಕು. ಬೆಂಕಿ ಆರದಿದ್ದರೆ ಹೊರಟುಬಿಡಬೇಕು.

ಮೊದಲೇ ಮಾಡಿಡಬೇಕಾದದ್ದು

ಬೆಂಕಿ ಬಿದ್ದ ಗಳಿಗೆಯಲ್ಲಿ ಯೋಚಿಸಲು ಸಮಯವಿರುವುದಿಲ್ಲ. ಹೊರಗೆ ಬರುವ ದಾರಿ ಸಿಗುವುದು ಬಿಡುವುದು ಹಿಂದಿನ ದಿನಗಳ ಅಭ್ಯಾಸದ ಮೇಲೆ ನಿಂತಿರುತ್ತದೆ. ಅದಕ್ಕಾಗಿ ಈ ಕೆಲಸಗಳನ್ನು ಮುಗಿಸಿಡಬೇಕು:

- ಮೆಟ್ಟಿಲ ಮೇಲೆ ಸರಕಿನ ಬಂಡಲ್, ಚಪ್ಪಲಿ ಸ್ಟ್ಯಾಂಡ್, ಹಳೆ ಪೇಪರ್ ಇಡಬಾರದು. ಎಲೆಕ್ಟ್ರಿಕ್ ಸ್ಕೂಟರನ್ನು ಮೆಟ್ಟಿಲ ಬುಡದಲ್ಲಿ ಚಾರ್ಜ್‌ಗೆ ಹಾಕಬಾರದು.
- ಕಬ್ಬಿಣದ ಸರಳಿನ ಕಿಟಕಿಗಳಲ್ಲಿ ಒಂದಕ್ಕಾದರೂ ಒಳಗಿನಿಂದ ತೆರೆಯುವ ಗ್ರಿಲ್ ಇರಲಿ.
- ಗ್ರಿಲ್ ಗೇಟಿನ ಮತ್ತು ತಾರಸಿಯ ಬಾಗಿಲಿನ ಕೀಲಿ ಎಲ್ಲಿದೆ ಎಂಬುದು ಮಕ್ಕಳಿಗೂ ಕೆಲಸದವರಿಗೂ ಗೊತ್ತಿರಲಿ.
- ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸಿ, ದೇವರ ಮುಂದಿನ ದೀಪ ನೋಡಿಕೊಂಡು ಹೊರಡುವ ರೂಢಿ ಇರಲಿ.
- ಹೊರಗೆ ಬಂದ ಮೇಲೆ ಎಲ್ಲರೂ ಸೇರಬೇಕಾದ ಒಂದು ಜಾಗ, ಎದುರಿನ ಮರವೋ ಬೀದಿಯ ಮೂಲೆಯೋ, ನಿಗದಿಯಾಗಿರಲಿ. ಅಲ್ಲಿ ತಲೆ ಎಣಿಸಿದರೆ ಒಳಗೆ ಯಾರು ಉಳಿದರೆಂದು ತಿಳಿಯುತ್ತದೆ.
- ಬಸದಿ, ಸಮುದಾಯ ಭವನ, ವಿದ್ಯಾರ್ಥಿನಿಲಯಗಳಲ್ಲಿ ಕಾರ್ಯಕ್ರಮ ನಡೆಯುವಷ್ಟು ಹೊತ್ತೂ ಎರಡೂ ಕಡೆಯ ಬಾಗಿಲುಗಳಿಗೆ ಬೀಗ ಇರಬಾರದು.

ವರ್ಷಕ್ಕೆರಡು ಸಲ, ರಾತ್ರಿ ದೀಪ ಆರಿಸಿ, ಮನೆಮಂದಿಯೆಲ್ಲ ಕೋಣೆಯಿಂದ ಬೀದಿಯವರೆಗೆ ನಡೆದು ನೋಡಬೇಕು. ಅಜ್ಜಿಗೆ ಇಳಿಯಲು ಎಷ್ಟು ಹೊತ್ತು ಬೇಕು, ಯಾವ ಚಿಲಕ ಬಿಗಿ, ಯಾವ ಕೀಲಿ ಕೈಗೆ ಸಿಗದು ಎಂಬುದೆಲ್ಲ ಆಗ ಗೊತ್ತಾಗುತ್ತದೆ. ಅವನ್ನು ಮರುದಿನವೇ ಸರಿಪಡಿಸಿಕೊಳ್ಳಬಹುದು.