ಕಡಲ ತಾಯಿಯ ಗುಡಿ

ಚೀನಾದ ಫೂಜಿಯನ್ ಕರಾವಳಿಗೂ ತೈವಾನ್ ದ್ವೀಪಕ್ಕೂ ನಡುವೆ ಒಂದು ಜಲಸಂಧಿಯಿದೆ. ಹಾಯಿಹಡಗುಗಳ ಕಾಲದಲ್ಲಿ ಅದನ್ನು ದಾಟುವುದೆಂದರೆ ಪ್ರಾಣವನ್ನೇ ಪಣವಾಗಿಟ್ಟಂತೆ. ಅಲ್ಲಿ ರಭಸವಾಗಿ ಹರಿಯುವ ಪ್ರವಾಹದ ನೀರು ಕಪ್ಪಾಗಿ ತೋರುವುದರಿಂದ ನಾವಿಕರು ಅದಕ್ಕೆ 'ಕಪ್ಪು ಕಾಲುವೆ' ಎಂದೇ ಹೆಸರಿಟ್ಟರು. ಹೊರಟವರೆಲ್ಲರೂ ದಡ ಸೇರುತ್ತಿರಲಿಲ್ಲ. ಇಂತಹ ಕಡಲಿನ ನಡುವೆ 90 ದ್ವೀಪಗಳ ಪೆಂಗ್‌ಹು ಎಂಬ ಸಮೂಹವಿದೆ. ಚಳಿಗಾಲದುದ್ದಕ್ಕೂ ಈಶಾನ್ಯ ಮಾರುತವು ಅಲ್ಲಿ ಬೀಸಿ ಬೀಸಿ, ಎತ್ತರದ ಮರಗಳು ಬೆಳೆಯುವುದೇ ದುರ್ಲಭವಾಗಿದೆ. ಈ ದ್ವೀಪಗಳ ಮುಖ್ಯ ಪಟ್ಟಣವಾದ ಮಾಗೊಂಗ್‌ನಲ್ಲಿ, ಬಂದರಿನ ಸಮೀಪದಲ್ಲಿ, ಮಾಜು ದೇವಿಯ ಪುರಾತನ ದೇವಾಲಯವಿದೆ. ತೈವಾನಿನ ಆಡಳಿತಕ್ಕೆ ಒಳಪಟ್ಟ ನೆಲದಲ್ಲಿರುವ ಮಾಜು ಗುಡಿಗಳಲ್ಲೆಲ್ಲ ಇದೇ ಅತ್ಯಂತ ಹಳೆಯದೆಂದು ಪ್ರತೀತಿ.

ಊರಿಗೆ ಹೆಸರು ಬಂದುದೂ ಗುಡಿಯಿಂದಲೇ. 'ಮಾಜುವಿನ ಗುಡಿ' ಎಂಬುದೇ ಊರಿನ ಹಳೆಯ ಹೆಸರು. ಜಪಾನೀಯರ ಆಳ್ವಿಕೆಯಲ್ಲಿ, 1920ರಲ್ಲಿ, ಅದನ್ನು ಬೇರೆ ಅಕ್ಷರಗಳಲ್ಲಿ ಬರೆಯತೊಡಗಿದರು.

ಮಾಜು ಹುಟ್ಟಿನಿಂದ ದೇವತೆಯಲ್ಲ. ಫೂಜಿಯನ್ ತೀರದ ಮೆಯ್‌ಝೌ ದ್ವೀಪದಲ್ಲಿ ಕ್ರಿ.ಶ. 960ರಲ್ಲಿ ಜನಿಸಿದ ಲಿನ್ ಮನೆತನದ ಹೆಣ್ಣುಮಗಳೆಂದು ಪರಂಪರೆ ಹೇಳುತ್ತದೆ. ಹುಟ್ಟಿದಾಗ ಅಳಲಿಲ್ಲವಾದ್ದರಿಂದ 'ಮೌನದ ಹುಡುಗಿ' ಎಂಬರ್ಥದಲ್ಲಿ ಅವಳನ್ನು ಮೊನ್ಯಾಂಗ್ ಎಂದು ಕರೆದರಂತೆ. ಬಿರುಗಾಳಿಗೆ ಸಿಕ್ಕ ತನ್ನವರನ್ನು ಆಕೆ ಮನೆಯಲ್ಲಿ ಕುಳಿತೇ, ಸಮಾಧಿಸ್ಥಿತಿಯಲ್ಲಿ ರಕ್ಷಿಸಲು ಹೊರಟಳೆಂಬ ಕಥೆಯು ಪ್ರಸಿದ್ಧವಾಗಿದೆ. ಇಪ್ಪತ್ತೆಂಟು ತುಂಬುವ ಮೊದಲೇ ಅವಳು ಲೋಕವನ್ನು ಬಿಟ್ಟಳು. ಅನಂತರ ಬೆಸ್ತರೂ ನಾವಿಕರೂ ಅವಳನ್ನು ತಮ್ಮ ತಾಯಿಯೆಂದು ಭಾವಿಸಿದರು; ಚಕ್ರವರ್ತಿಗಳು ಬಿರುದಿನ ಮೇಲೆ ಬಿರುದನ್ನಿತ್ತರು. 'ಸ್ವರ್ಗದ ರಾಣಿ' ಎಂಬುದು ಅವುಗಳಲ್ಲಿ ಅತ್ಯುನ್ನತವಾದುದು. ಆದರೂ ಕಡಲ ಮಕ್ಕಳ ಬಾಯಲ್ಲಿ ಅವಳು ಇಂದಿಗೂ ಮಾಜು, ಅಂದರೆ ಹಿರಿಯ ತಾಯಿ.

ದೇವಾಲಯವು ಇಳಿಜಾರಿನ ಮೇಲೆ ಹಂತಹಂತವಾಗಿ ಏರಿದೆ. ಮಾಡಿನ ತುದಿಗಳು ಬಾನಾಡಿಯ ಬಾಲದಂತೆ ಸೀಳಿ ಮೇಲಕ್ಕೆ ಬಾಗಿವೆ. ಈಗಿನ ಕಟ್ಟಡದ ಬಹುಭಾಗವು 1920ರ ದಶಕದ ಜೀರ್ಣೋದ್ಧಾರದಲ್ಲಿ ರೂಪುಗೊಂಡುದು. ತೊಲೆ, ಬಾಗಿಲುಗಳ ಮೇಲಿನ ಮರಗೆತ್ತನೆ ಬಹಳ ಸೊಗಸಾದುದು. ದೇವಿಯ ಇಕ್ಕೆಲಗಳಲ್ಲಿ ಇಬ್ಬರು ಕಾವಲುಗಾರರು. ಒಬ್ಬನು ಸಾವಿರ ಹರಿದಾರಿ ದೂರವನ್ನು ಕಾಣಬಲ್ಲವನು. ಇನ್ನೊಬ್ಬನು ಗಾಳಿಯಲ್ಲಿ ತೇಲಿಬರುವ ಕೂಗನ್ನು ಕೇಳಬಲ್ಲವನು. ಮುಳುಗುವವನ ಮೊರೆಯು ತಲುಪಬೇಕಾದರೆ ಕಣ್ಣು ಕಿವಿಗಳೆರಡೂ ಬೇಕಷ್ಟೆ!

ಭಕ್ತರು ಊದುಬತ್ತಿ ಹಚ್ಚಿ, ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿ ದೇವಿಯ ಅಪ್ಪಣೆ ಕೇಳುತ್ತಾರೆ. ಒಂದು ಮಗುಚಿ ಇನ್ನೊಂದು ಅಂಗಾತ ಬಿದ್ದರೆ ಸಮ್ಮತಿ.

ಆದರೆ ಚರಿತ್ರೆಯನ್ನು ಅರಸಿ ಬಂದವನು ಗರ್ಭಗೃಹದ ಮುಂದೆಯೇ ನಿಲ್ಲಬಾರದು. ಇಲ್ಲಿ ಒಂದು ಶಿಲಾಶಾಸನವಿದೆ. 1919ರಲ್ಲಿ, ದುರಸ್ತಿಯ ಸಮಯದಲ್ಲಿ ದೊರೆತ ಈ ಕಲ್ಲಿನ ಮೇಲೆ ಹನ್ನೆರಡು ಅಕ್ಷರಗಳು ಮಾತ್ರ ಉಳಿದಿವೆ. 'ಷೆನ್ ಯೂರೊಂಗ್‌ನು ಕೆಂಗೂದಲಿನ ಪರಕೀಯ ವೈ ಮಾಲಾಂಗ್ ಮುಂತಾದವರಿಗೆ ತಿಳಿಯಹೇಳಿ ಹಿಂದಿರುಗಿಸಿದನು' ಎಂಬುದು ಅವುಗಳ ಅರ್ಥ.

ವೈ ಮಾಲಾಂಗನೆಂದರೆ ಡಚ್ಚರ ನೌಕಾಧಿಪತಿ ವೈಬ್ರಾಂಡ್ ವಾನ್ ವಾರ್ವೈಕ್. 1604ರ ಆಗಸ್ಟಿನಲ್ಲಿ ಅವನು ಪೆಂಗ್‌ಹುವಿಗೆ ಬಂದಾಗ ಮಿಂಗ್ ಅರಸರ ಕಾವಲು ಪಡೆ ಅಲ್ಲಿರಲಿಲ್ಲ. ಅವನಿಗೆ ಬೇಕಾಗಿದ್ದುದು ಚೀನಾದೊಡನೆ ವ್ಯಾಪಾರ. ಅನುಮತಿ ದೊರಕಿಸಲು ತೆರಿಗೆಯ ಅಧಿಕಾರಿಯೊಬ್ಬನಿಗೆ ಹಣದ ಆಸೆ ತೋರಿಸುವ ಯತ್ನವೂ ನಡೆಯಿತು. ಆಗ ಸೇನಾನಿ ಷೆನ್ ಯೂರೊಂಗ್ ಹಡಗುಗಳೊಡನೆ ಬಂದನು. ಬೆನ್ನ ಹಿಂದೆ ಬಲವಿದ್ದರೂ ಅವನು ಕಾಳಗಕ್ಕೆ ಮುಂದಾಗಲಿಲ್ಲ. ವಾರ್ವೈಕನ ಎದುರು ನಿಂತು, ವ್ಯಾಪಾರಕ್ಕೆ ಅನುಮತಿ ಸಿಗದೆಂಬುದನ್ನು ನೇರವಾಗಿ ಹೇಳಿದನು. ಡಿಸೆಂಬರಿನಲ್ಲಿ ಡಚ್ಚರು ಹಾಯಿ ಬಿಚ್ಚಿ ಹೊರಟುಹೋದರು.

ಹೋದವರು ಮರಳಿ ಬಾರದೆ ಇರಲಿಲ್ಲ. 1622ರಲ್ಲಿ ಮತ್ತೆ ಬಂದು, ಇದೇ ದ್ವೀಪದಲ್ಲಿ ಕೋಟೆ ಕಟ್ಟಿದರು. ಆ ಬಾರಿ ಮಾತು ಸಾಲಲಿಲ್ಲ. ಮಿಂಗ್ ಸೈನ್ಯ ಮುತ್ತಿದ ಮೇಲೆ 1624ರಲ್ಲಿ ಅವರು ತೈವಾನಿಗೆ ತೆರಳಿದರು. ಆ ಕಾಲದ ಬಹಳಷ್ಟು ಅಳಿದುಹೋಗಿದೆ. ಹನ್ನೆರಡು ಅಕ್ಷರಗಳ ಕಲ್ಲು ಮಾತ್ರ ದೇವಾಲಯದ ಹಿಂಭಾಗದ ಮಂಟಪದಲ್ಲಿ ಸುರಕ್ಷಿತವಾಗಿದೆ.