ಅಗ್ಗಕ್ಕೆ ಸಿಕ್ಕ ಆನೆ

ಹಳೆಯ ಐಷಾರಾಮಿ ಕಾರು ಕೊಳ್ಳುವುದೆಂದರೆ ಅಗ್ಗಕ್ಕೆ ಸಿಕ್ಕಿತೆಂದು ಆನೆ ತಂದ ಹಾಗೆ. ಆನೆಯ ಬೆಲೆ ಇಳಿದೀತು, ಅದರ ಹೊಟ್ಟೆ ಇಳಿಯುವುದಿಲ್ಲ. 2022ರಲ್ಲಿ ಬೆಂಗಳೂರಿನ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಮೊಮ್ಮಗ, 2009ರ ಪೋರ್ಷೆ ಬಾಕ್ಸ್‌ಟರ್ ಕೊಳ್ಳುತ್ತೇನೆ ಎಂದಾಗ ನಾನು ಅವನಿಗೆ ಹೇಳಿದ್ದು ಇಷ್ಟೇ. ಅವನ ತಾಯಿ ಹೇಳಿದ್ದು ಬೇರೆ: "ಆ ದುಡ್ಡಲ್ಲಿ ರಾಮನಗರದಲ್ಲಿ ಒಂದು ಸೈಟು ಬರ್ತಿತ್ತು." ಒಂದು ವಾರ ತಾಯಿ ಮಗನ ನಡುವೆ ಮಾತಿಲ್ಲ. ಅವನು ಮುರಿಸಲು ಹೊರಟಿದ್ದದ್ದು ಐದು ವರ್ಷದ ಸಂಬಳದಲ್ಲಿ ಕೂಡಿಟ್ಟ ಇಡೀ ಠೇವಣಿಯನ್ನು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಕಾರು ಓಡಿಸಲು ಬರುವುದಿಲ್ಲ, ಕಾರಿನ ಕಾಗದ ಓದಲು ಬರುತ್ತದೆ. ಹಾಗಾಗಿ ಕಾರು ನೋಡುವುದು ಅವನ ಪಾಲು, ಲೆಕ್ಕ ಮತ್ತು ಕಾಗದ ನನ್ನ ಪಾಲು ಎಂದು ಒಪ್ಪಂದವಾಯಿತು.

ಮೊದಲು ಲೆಕ್ಕ. ಮಕ್ಕಳೇ, ನೀವೂ ಪೆನ್ಸಿಲ್ ಹಿಡಿಯಿರಿ. ಒಂದು ಕಾರಿನ ಬೆಲೆ 100 ಲಕ್ಷ ರೂಪಾಯಿ ಅಂತಿಟ್ಟುಕೊಳ್ಳಿ. ಲೆಕ್ಕಪತ್ರ ಶಾಸ್ತ್ರದಲ್ಲಿ ಸವಕಳಿ ಎಂಬ ಮಾತಿದೆ, ಬಳಸಿದಂತೆ ವಸ್ತುವಿನ ಬೆಲೆ ತೇಯುವುದು. ಆದಾಯ ತೆರಿಗೆ ಲೆಕ್ಕದಲ್ಲಿ ಕಾರಿಗೆ ಸಾಮಾನ್ಯವಾಗಿ ವರ್ಷಕ್ಕೆ ನೂರಕ್ಕೆ 15ರಂತೆ ಕಳೆಯುತ್ತಾರೆ. ಮೊದಲ ವರ್ಷದ ಕೊನೆಗೆ 85 ಲಕ್ಷ. ಎರಡನೇ ವರ್ಷ ಮತ್ತೆ 100ರ ಮೇಲಲ್ಲ, ಉಳಿದ 85ರ ಮೇಲೆ 15 ಭಾಗ ಕಳೆಯಬೇಕು. 72 ಲಕ್ಷ 25 ಸಾವಿರ ಉಳಿಯಿತು. ಹೀಗೇ ಹತ್ತು ಸಲ ಮಾಡಿ. ಹತ್ತನೇ ವರ್ಷದ ಕೊನೆಗೆ ಉಳಿಯುವುದು 19 ಲಕ್ಷ 69 ಸಾವಿರದ ಹತ್ತಿರ. ಮೊಮ್ಮಗನ ಕಣ್ಣಿಗೆ ಬಿದ್ದದ್ದು ಈ ಕೊನೆಯ ಅಂಕಿ ಮಾತ್ರ. ಮಾರುಕಟ್ಟೆ ಪುಸ್ತಕದ ಲೆಕ್ಕದಂತೆಯೇ ನಡೆಯುವುದಿಲ್ಲ, ಆದರೂ ಅವನು ನೋಡಿದ ಕಾರಿನ ಬೆಲೆ ಹೊಸದರ ಕಾಲುಭಾಗದ ಆಸುಪಾಸಿನಲ್ಲೇ ಇತ್ತು.

ಸವಕಳಿಯಾಗುವುದು ಕಾರು. ಅದರ ಬ್ರೇಕ್ ತಟ್ಟೆ, ಟೈರು, ದೀಪ ಇವುಗಳ ಬೆಲೆಗೆ ಸವಕಳಿ ಇಲ್ಲ. ಹೊಸ ಕಾರಿನ ಯಜಮಾನ ಯಾವ ಬೆಲೆ ಕೊಡುತ್ತಾನೋ ಹಳೆಯದರ ಯಜಮಾನನೂ ಅದೇ ಬೆಲೆ ಕೊಡಬೇಕು. ಅದಕ್ಕೇ ನನ್ನದೊಂದು ಷರತ್ತು ಹಾಕಿದೆ. ಕೊಳ್ಳುವ ಬೆಲೆಯ ಮೂರರಲ್ಲೊಂದು ಭಾಗದಷ್ಟು ಹಣವನ್ನು ಬೇರೆ ಖಾತೆಯಲ್ಲಿಟ್ಟು, ಕಾರಿನ ರಿಪೇರಿಗಲ್ಲದೆ ಮುಟ್ಟಬಾರದು. ಅಷ್ಟು ಇಡಲಾಗದಿದ್ದರೆ ಕಾರು ಬೇಡ. ಈ ಮೂರರಲ್ಲೊಂದು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ, ನನ್ನದೇ ಅಂದಾಜು. ಅವನು ಎರಡು ದಿನ ಯೋಚಿಸಿ ಒಪ್ಪಿದ. ನೋಡುತ್ತಿದ್ದ ಕಾರಿಗಿಂತ ಅಗ್ಗದ್ದನ್ನು ಹುಡುಕತೊಡಗಿದ.

ಸಿಕ್ಕ ಮೊದಲ ಕಾರು ಕೆಂಪು ಬಣ್ಣದ್ದು. ಫಳಫಳ ಹೊಳೆಯುತ್ತಿತ್ತು. "ಇವತ್ತೇ ಅಡ್ವಾನ್ಸ್ ಕೊಡಿ, ಸಂಜೆ ಇನ್ನೊಬ್ಬರು ಬರ್ತಾರೆ" ಎಂದು ಮಾರುವವರು ಅವಸರ ಮಾಡಿದರು. ನಾನು ಆರ್‌ಸಿ ಕೇಳಿದೆ. ನೋಂದಣಿ ಬೇರೆ ರಾಜ್ಯದ್ದು. ಹೆಸರು ಮಾರುತ್ತಿದ್ದವರದ್ದಲ್ಲ, ಅವರಿಗೆ ಮಾರಿದವರದ್ದೂ ಅಲ್ಲ, ಅದಕ್ಕೂ ಹಿಂದಿನವರದ್ದು. ಜೊತೆಗೆ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಅಳಿಸಿರಲಿಲ್ಲ. ಸಾಲ ತೀರಿದೆಯೆಂದು ಸಾಲ ಕೊಟ್ಟವರು ಸಹಿ ಮಾಡುವ ನಮೂನೆ 35 ಇಲ್ಲ, ಮೂಲ ಆರ್‌ಟಿಒ ಕೊಡುವ ನಿರಾಕ್ಷೇಪಣೆ ಪತ್ರ, ಅಂದರೆ ನಮೂನೆ 28, ಅದೂ ಇಲ್ಲ. "ಅದೆಲ್ಲಾ ಆಮೇಲೆ ಮಾಡಿಸಿಕೊಡ್ತೀವಿ ಸಾರ್" ಎಂದರು. ಈ "ಆಮೇಲೆ"ಯನ್ನು ಬ್ಯಾಂಕಿನ ಕೌಂಟರಿನಲ್ಲಿ ನಾನು ಬೇಕಾದಷ್ಟು ಕೇಳಿದ್ದೇನೆ. ಮೊಮ್ಮಗನ ತೋಳು ಹಿಡಿದು ಹೊರಗೆ ಕರೆತಂದೆ. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ.

ಹೆಸರು ಬದಲಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ಆ ರಾತ್ರಿ ಅವನಿಗೆ ಹೇಳಿದೆ. ಒಬ್ಬರು 2007ರಲ್ಲಿ ಕಾರು ಮಾರಿದರು. ಅದು ಕೈಯಿಂದ ಕೈಗೆ ಹೋಯಿತು, ಆರ್‌ಸಿಯಲ್ಲಿ ಮಾತ್ರ ಅವರ ಹೆಸರೇ ಉಳಿಯಿತು. 2009ರಲ್ಲಿ ಆ ಕಾರಿನಿಂದ ಅಪಘಾತವಾಗಿ ಒಬ್ಬ ಹುಡುಗ ತೀರಿಕೊಂಡ. ಪರಿಹಾರ ಕೊಡಬೇಕಾದವರು ಯಾರು? 2018ರ ಫೆಬ್ರುವರಿಯಲ್ಲಿ ಕೋರ್ಟು ಹೇಳಿತು: ಕಾನೂನಿನ ಕಣ್ಣಿಗೆ ಮಾಲೀಕ ಎಂದರೆ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ. ಎಂದೋ ಮಾರಿ ಮರೆತಿದ್ದ ಮನುಷ್ಯ ಹೊಣೆಗಾರನಾದ. ಅದಕ್ಕೇ ಕಾನೂನಿನಲ್ಲಿ ಅವಧಿ ಇಟ್ಟಿದ್ದಾರೆ. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಹೊರರಾಜ್ಯಕ್ಕೆ ಮಾರಿದ್ದನ್ನು 45 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ಹೆಸರು ಬದಲಿಸಿಕೊಳ್ಳಬೇಕು. ನಮೂನೆ 29 ಮತ್ತು 30 ಇರುವುದು ಇದಕ್ಕೇ. ತಾತಂದಿರೇ, ಮಾರಿಬಿಟ್ಟ ನಿಮ್ಮ ಹಳೆಯ ಸ್ಕೂಟರಿಗೂ ಇದೇ ಕಾನೂನು.

ಇನ್ನು ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ ನೂರಕ್ಕೆ 18, ಅದರ ಮೇಲೆ ಸೆಸ್ಸು ಬೇರೆ. ದೇಶದಲ್ಲೇ ಹೆಚ್ಚು ತೆರಿಗೆ ಹಾಕುವ ರಾಜ್ಯಗಳಲ್ಲಿ ನಮ್ಮದೂ ಒಂದು. ಕಡಿಮೆ ತೆರಿಗೆಯ ಊರುಗಳಲ್ಲಿ ನೋಂದಾಯಿಸಿ ಬೆಂಗಳೂರಿನಲ್ಲಿ ಓಡಿಸುವ ಚಾಳಿ ಹುಟ್ಟಿದ್ದು ಇದರಿಂದಲೇ. 12 ತಿಂಗಳಿಗಿಂತ ಹೆಚ್ಚು ಕಾಲ ಒಂದು ರಾಜ್ಯದಲ್ಲಿಟ್ಟುಕೊಂಡರೆ ಅಲ್ಲಿಯ ನಂಬರು ಪಡೆಯಬೇಕು, ತೆರಿಗೆ ಕಟ್ಟಬೇಕು. 2021ರ ಆಗಸ್ಟ್‌ನಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಹಲವು ಐಷಾರಾಮಿ ಕಾರುಗಳನ್ನು ತಡೆದು ವಶಪಡಿಸಿಕೊಂಡಿತಲ್ಲ, ಅದರಲ್ಲೊಂದು ರೋಲ್ಸ್ ರಾಯ್ಸ್ ಫ್ಯಾಂಟಮ್. ಅದರ ದಾಖಲೆಯಲ್ಲಿದ್ದ ಹೆಸರು ನಟ ಅಮಿತಾಭ್ ಬಚ್ಚನ್ ಅವರದ್ದು. ಅವರು ಅದನ್ನು 2019ರಲ್ಲೇ ಬೆಂಗಳೂರಿನ ಉದ್ಯಮಿಯೊಬ್ಬರಿಗೆ ಮಾರಿದ್ದರು, ಹೆಸರು ಮಾತ್ರ ಬದಲಾಗಿರಲಿಲ್ಲ. 2025ರ ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಕೆಂಪು ಫೆರಾರಿಯೊಂದಕ್ಕೆ ಬೆಂಗಳೂರಿನಲ್ಲಿ ಕಟ್ಟಿಸಿಕೊಂಡ ತೆರಿಗೆ, ದಂಡ ಸೇರಿ ಸುಮಾರು 1 ಕೋಟಿ 42 ಲಕ್ಷ ರೂಪಾಯಿ. ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಮೊಮ್ಮಗನಿಗೆ ಕಳಿಸಿದೆ. ಕೆಂಪು ಕಾರಿನ ವಿಷಯದಲ್ಲಿ ಅವನಿಗೆ ನನ್ನ ಮೇಲಿದ್ದ ಸಿಟ್ಟು ಅಂದಿಗೆ ಪೂರ್ತಿ ಇಳಿಯಿತು ಅನ್ನಿ.

ಕೊನೆಗೆ ಕೊಂಡದ್ದು ಬೂದು ಬಣ್ಣದ್ದು. ಕರ್ನಾಟಕದ್ದೇ ನೋಂದಣಿ, ಸಾಲ ತೀರಿದ ಗುರುತು ಸರಿಯಾಗಿತ್ತು, ಪ್ರತಿ ಸರ್ವಿಸಿನ ಬಿಲ್ಲು ಕಡತದಲ್ಲಿತ್ತು. ಬಿಲ್ಲುಗಳಲ್ಲಿದ್ದ ಕಿಲೋಮೀಟರ್ ಅಂಕಿಗಳನ್ನು ಸಾಲಾಗಿ ಬರೆದು ನೋಡಿದೆ. ಎಲ್ಲೂ ಹಿಂದಕ್ಕೆ ಹೋಗಿರಲಿಲ್ಲ. ಮೀಟರ್ ತಿರುಗಿಸುವವರು ಇದ್ದಾರೆ, ಹಳೆಯ ಬಿಲ್ಲುಗಳನ್ನೆಲ್ಲ ಹುಡುಕಿ ತಿದ್ದುವವರು ಕಡಿಮೆ.

ಟೈರು ಪರೀಕ್ಷೆ ಮಾಡಿದ್ದು ಏಳನೇ ತರಗತಿಯ ನನ್ನ ಮೊಮ್ಮಗಳು. ಟೈರಿನ ಪಕ್ಕೆಯ ಮೇಲೆ ಒಂದು ಕಡೆ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದಿದ್ದರೆ 2014ರ 23ನೇ ವಾರ ತಯಾರಾದದ್ದು. ಅವಳು ಕೂತು ಓದಿ ಹೇಳಿದ್ದೂ ಅದನ್ನೇ. ನೋಡಲು ಹಲ್ಲೆಲ್ಲ ಚೆನ್ನಾಗಿದ್ದವು, ಆದರೆ ಎಂಟು ವರ್ಷದ ರಬ್ಬರು ಗಟ್ಟಿಯಾಗಿ ರಸ್ತೆ ಹಿಡಿಯುವುದಿಲ್ಲ. ನಾಲ್ಕೂ ಬದಲಿಸಬೇಕಾಯಿತು. ಇದರಲ್ಲಿ ಮುಂದಿನ ಟೈರಿನ ಅಗಲ 205 ಮಿಲಿಮೀಟರ್, ಹಿಂದಿನದು 235. ಮುಂದಿನದನ್ನು ಹಿಂದಕ್ಕೆ ಹಾಕುವ ಉಪಾಯ ಇಲ್ಲಿ ನಡೆಯದು. ಮೇಲಾಗಿ ಗಂಟೆಗೆ 260 ಕಿಲೋಮೀಟರ್ ದಾಟಬಲ್ಲ ಕಾರಿಗೆ ಆ ವೇಗ ತಡೆಯುವ ಟೈರೇ ಬೇಕು. ನಾಲ್ಕರ ಬಿಲ್ಲು ನನ್ನ ಕೊನೆಯ ಮೂರು ತಿಂಗಳ ಸಂಬಳದಷ್ಟಾಯಿತು. ಬೇರೆ ಇಟ್ಟ ಹಣಕ್ಕೆ ಮೊದಲ ತೂತು ಬಿದ್ದದ್ದು ಅಲ್ಲಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಈಗ ವೇಗದ ಮಿತಿ 100 ಕಿಲೋಮೀಟರ್, ಕ್ಯಾಮೆರಾಗಳೂ ಇವೆ. 260ರ ಟೈರಿಗೆ ದುಡ್ಡು ಕೊಟ್ಟು 100ರಲ್ಲಿ ಓಡಿಸುವುದು ಯಾವ ವ್ಯಾಪಾರವೋ ಬಿ.ಕಾಂ.ನಲ್ಲಿ ಹೇಳಿಕೊಟ್ಟಿರಲಿಲ್ಲ.

ಕಾರು ಕೈಲಾಂಚಕ್ಕೆ ಬಂದ ದಿನ ಅರ್ಧ ಊರು ಸೇರಿತ್ತು. ಎತ್ತರ ನಾಲ್ಕೂಕಾಲು ಅಡಿ, ಇಬ್ಬರಿಗೇ ಜಾಗ, ಮೇಲೆ ಬಟ್ಟೆಯ ಮಾಡು. ನಮ್ಮೂರ ಮೆಕ್ಯಾನಿಕ್ ಮುಂದಿನ ಮುಚ್ಚಳ ತೆಗೆಸಿದರು. ಒಳಗೆ ಖಾಲಿ ಡಬ್ಬಿ. ಹಿಂದಿನದು ತೆಗೆಸಿದರು, ಅಲ್ಲೂ ಖಾಲಿ ಡಬ್ಬಿ. "ಎಂಜಿನ್ನೇ ಇಲ್ವಲ್ಲ ಸ್ವಾಮಿ!" ಎಂದರು. ಎಂಜಿನ್ ಇರುವುದು ಸೀಟಿನ ಬೆನ್ನ ಹಿಂದೆ, ನಡುಮಧ್ಯೆ. ಭಾರ ನಡುವೆ ಇದ್ದರೆ ತಿರುವಿನಲ್ಲಿ ಕಾರು ಮುಂದಕ್ಕೂ ಹಿಂದಕ್ಕೂ ಎಳೆಯುವುದಿಲ್ಲ, ತಲೆಯ ಮೇಲಿನ ಬಿಂದಿಗೆ ನಡುವೆ ಕೂತಷ್ಟೂ ನಡೆಯುವುದು ಸಲೀಸಾದಂತೆ. ಆರು ಸಿಲಿಂಡರುಗಳು ನಿಂತಿಲ್ಲ, ಆ ಕಡೆ ಮೂರು ಈ ಕಡೆ ಮೂರು ಮಲಗಿವೆ. ಪಿಸ್ಟನ್‌ಗಳು ಮುಷ್ಟಿಕಾಳಗದವರ ಕೈಗಳಂತೆ ಎದುರುಬದುರು ಆಡುತ್ತವೆ. ಅದಕ್ಕೇ ಈ ಜಾತಿಯ ಎಂಜಿನ್ನಿಗೆ ಬಾಕ್ಸರ್ ಎಂಬ ಹೆಸರು, ಬಾಕ್ಸ್‌ಟರ್ ಎಂಬ ಹೆಸರಿನ ಮೊದಲರ್ಧವೂ ಅದೇ. ನಮ್ಮ ಕಾಲದ ಮಾರುತಿ 800ರ ಎಂಜಿನ್ 0.8 ಲೀಟರಿನದು, ಇದು 2.9 ಲೀಟರ್, 255 ಅಶ್ವಶಕ್ತಿ. ರೇಷ್ಮೆ ಬೆಳೆಯುವ ನೆರೆಯವರೊಬ್ಬರು ಎರಡೂ ಡಬ್ಬಿಗಳನ್ನು ಕಣ್ಣಲ್ಲೇ ಅಳೆದು, "ಒಂದು ಮೂಟೆ ಗೂಡು ಕೂಡ ನೆಟ್ಟಗೆ ಹಿಡಿಯಲ್ಲ" ಎಂದು ತೀರ್ಪು ಕೊಟ್ಟು ಹೋದರು.

ಒಂದು ಸಲ ಮೂರು ವಾರ ನಮ್ಮ ಕೊಟ್ಟಿಗೆಯಲ್ಲೇ ನಿಂತು ಬ್ಯಾಟರಿ ಸತ್ತಿತು. ಬ್ಯಾಟರಿ ಇರುವುದು ಮುಂದಿನ ಮುಚ್ಚಳದೊಳಗೆ. ಮುಚ್ಚಳದ ಚಿಲಕ ತೆಗೆಯುವುದು ವಿದ್ಯುತ್ತಿನಿಂದ. ವಿದ್ಯುತ್ತು ಬರಬೇಕಾದದ್ದು ಬ್ಯಾಟರಿಯಿಂದ! ತಿಜೋರಿಯ ಬೀಗದಕೈ ತಿಜೋರಿಯೊಳಗೇ ಸಿಕ್ಕಿಕೊಂಡಂತೆ. ಬ್ಯಾಂಕಿನಲ್ಲಿ ಇದಕ್ಕೆಂದೇ ಇನ್ನೊಂದು ಜೊತೆ ಕೀಲಿ ಬೇರೆ ಕಡೆ ಇಡುತ್ತಾರೆ. ಕಾರು ಮಾಡಿದವರೂ ಹಾಗೇ ಯೋಚಿಸಿದ್ದರು. ಚಾಲಕನ ಕಾಲಬಳಿಯ ಫ್ಯೂಸ್ ಪೆಟ್ಟಿಗೆಯಲ್ಲಿ ಹೊರಗೆಳೆಯಬಹುದಾದ ಒಂದು ಲೋಹದ ಕಡ್ಡಿ ಇದೆ. ಅದಕ್ಕೂ ಬಾಗಿಲಿನ ಕೊಂಡಿಗೂ ಇನ್ನೊಂದು ಬ್ಯಾಟರಿಯ ತಂತಿ ಮುಟ್ಟಿಸಿದರೆ ಚಿಲಕ ಟಪ್ ಎಂದು ಬಿಚ್ಚುತ್ತದೆ. ಪುಸ್ತಕ ಓದಿ ಹೇಳಿದ್ದು ನಾನು, ತಂತಿ ಹಿಡಿದದ್ದು ಮೆಕ್ಯಾನಿಕ್, ಬ್ಯಾಟರಿ ಕೊಟ್ಟದ್ದು ಪಕ್ಕದ ಮನೆಯ ಟ್ರ್ಯಾಕ್ಟರ್. ಮಕ್ಕಳೇ, ಇದನ್ನು ನೀವಾಗಿ ಮಾಡಲು ಹೋಗಬೇಡಿ.

ಹಳ್ಳಿಯ ರಸ್ತೆಗೆ ಇದು ಹೇಳಿಸಿದ ಕಾರಲ್ಲ. ಪ್ರತಿ ಉಬ್ಬಿನಲ್ಲೂ ಮೊಮ್ಮಗ ಹಾವಿನಂತೆ ಓರೆಯಾಗಿ ಹತ್ತಿಸುತ್ತಾನೆ. ಸುಗ್ಗಿಯಲ್ಲಿ ನಮ್ಮ ಕಡೆ ರಾಗಿ, ಹುರುಳಿ ತೆನೆಯನ್ನು ರಸ್ತೆಗೇ ಹರಡುತ್ತಾರಲ್ಲ, ಅದು ನಿಜವಾದ ಅಪಾಯ. ಒಣ ಹುಲ್ಲು ತಳಕ್ಕೆ ಸುತ್ತಿಕೊಂಡು ಹೊಗೆಕೊಳವೆಯ ಬಿಸಿಗೆ ತಾಗಿದರೆ ಬೆಂಕಿ. ಎಷ್ಟು ತಗ್ಗಿನ ಕಾರೋ ಅಷ್ಟು ಹೆಚ್ಚು ಭಯ. ಜನವರಿ ಮುಗಿಯುವವರೆಗೆ ಕಾರು ಊರಿಗೆ ಬರುವುದಿಲ್ಲ. ಮಳೆಗಾಲದ್ದು ಇನ್ನೊಂದು ಕಥೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಕೆರೆಯಾದದ್ದು ನೆನಪಿದೆಯೇ? ಎಂಜಿನ್ ಗಾಳಿ ಎಳೆಯುವ ಬಾಯಿಗೆ ನೀರು ಹೋದರೆ ಮುಗಿಯಿತು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಪಿಸ್ಟನ್ ಮೇಲೆದ್ದು ನೀರಿಗೆ ಗುದ್ದಿ, ಅದನ್ನು ಹೊತ್ತ ಕಬ್ಬಿಣದ ತೋಳೇ ಬಾಗುತ್ತದೆ. ನೀರಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಬಾರದು ಎನ್ನುವುದು ಇದಕ್ಕೇ. ಸಾಮಾನ್ಯ ವಿಮೆ ಈ ನಷ್ಟವನ್ನು ತುಂಬಿಕೊಡುವುದು ಅನುಮಾನ, ಎಂಜಿನ್ ರಕ್ಷಣೆಗೆ ಪ್ರತ್ಯೇಕ ಹಣ ಕಟ್ಟಬೇಕು. ಕಾರು ಹಳೆಯದಾದಂತೆ ಆ ರಕ್ಷಣೆ ಸಿಗುವುದೂ ಕಷ್ಟ.

ಮೂರು ವರ್ಷದ ಖರ್ಚನ್ನು ನಾನೇ ಖಾತೆ ಪುಸ್ತಕದಲ್ಲಿ ಬರೆದಿದ್ದೇನೆ. ಪೆಟ್ರೋಲಿಗಿಂತ ದೊಡ್ಡ ಬಾಬ್ತು ವಿಮೆ ಮತ್ತು ಸರ್ವಿಸಿನದು. ಕಿಲೋಮೀಟರಿಗೆ ಇಷ್ಟು ಎಂದು ಭಾಗಿಸಿ ತೋರಿಸಿದರೆ ಮೊಮ್ಮಗ ಪುಟ ಮುಚ್ಚುತ್ತಾನೆ. ಬೇರೆ ಇಟ್ಟ ಹಣ ಒಂದು ಸಲ ಪೂರ್ತಿ ಖಾಲಿಯಾಯಿತು, ಮತ್ತೆ ತಿಂಗಳು ತಿಂಗಳು ಕಟ್ಟಿ ತುಂಬಿದ. ಸಾಲ ಮಾಡಲಿಲ್ಲ. ಅವನ ತಾಯಿ ಸೈಟಿನ ಮಾತನ್ನು ಬಿಟ್ಟಿಲ್ಲ, ಆದರೆ ಸಂಜೆ ಹೊತ್ತು ಮಾಡು ಸರಿಸಿದ ಕಾರಿನಲ್ಲಿ ತಲೆಗೆ ಸೆರಗು ಹೊದ್ದು ರಾಮನಗರದವರೆಗೆ ಹೋಗಿಬರುವುದನ್ನೂ ಬಿಟ್ಟಿಲ್ಲ.

2024ಕ್ಕೆ ಕಾರಿಗೆ 15 ವರ್ಷ ತುಂಬಿತು. ನೋಂದಣಿ ನವೀಕರಿಸಬೇಕು. ಸಾಮಾನ್ಯ ಕಾರಿಗೆ ಆ ಶುಲ್ಕ 5,000 ರೂಪಾಯಿ, ಹೊರದೇಶದಿಂದ ತರಿಸಿದ್ದಕ್ಕೆ 40,000. ಜೊತೆಗೆ ಹಸಿರು ತೆರಿಗೆ. ಆನೆಗೆ ಕೊಟ್ಟು ಅಂಕುಶಕ್ಕೆ ಚೌಕಾಸಿ ಏಕೆಂದು ಕಟ್ಟಿ, ಬೆಳಕು, ಬ್ರೇಕು, ಹೊಗೆ ಎಲ್ಲವನ್ನೂ ಪರೀಕ್ಷೆ ಮಾಡಿಸಿ ಬಂದೆವು. ಇನ್ನು 2029ರವರೆಗೆ ಆ ಕಡೆ ಹೋಗಬೇಕಿಲ್ಲ. ಅದಕ್ಕೂ ಮೊದಲೇ ಟೈರುಗಳ ಸರದಿ ಬರುತ್ತದೆ. ಮೊಮ್ಮಗಳು ಖಾತೆ ಪುಸ್ತಕದ ಕೊನೆಯ ಪುಟದಲ್ಲಿ ಅವುಗಳ ಅಂಕಿ ಬರೆದಿಟ್ಟಿದ್ದಾಳೆ: 1822.